ಡಬ್ಬಿ ಬಾಯಿ ಬಿಟ್ಟಾಗ

ಪುಣೆಯಿಂದ ಬೆಳಗಾವಿಗೆ ಹೊರಟಿದ್ದೆವು. ಖಂಬಾಟ್ಕಿ ಘಾಟಿನ ಏರಿನಲ್ಲಿ ಲಾರಿಗಳ ಸಾಲು. ನಿಂತಿದ್ದ ಕಾರನ್ನು ನನ್ನ ತಮ್ಮ ಫಸ್ಟ್ ಗೇರಿಗೆ ಹಾಕಿ, ಆಕ್ಸಿಲರೇಟರ್ ತುಳಿದು, ಕ್ಲಚ್ ಥಟ್ಟನೆ ಬಿಟ್ಟ. ಫಟ್ ಅಂತ ಒಂದು ಸದ್ದು. ಆಮೇಲೆ ಫಸ್ಟ್ ಗೇರಿನಲ್ಲಿ ಕಟಕಟ ನಿಲ್ಲಲೇ ಇಲ್ಲ.

ಟರ್ಬೊ, ಇಂಜೆಕ್ಟರ್ ಬದಲಿಸಿ ಇಂಜಿನ್ನಿನ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ಅವನು 200 ನ್ಯೂಟನ್ ಮೀಟರಿನಿಂದ 300ಕ್ಕೆ ಏರಿಸಿದ್ದ. ಇದು ಕಾನೂನಿಗೆ ಒಪ್ಪುತ್ತಾ ಅನ್ನೋ ಜಗಳ ನಮ್ಮಿಬ್ಬರ ನಡುವೆ ಇನ್ನೂ ಮುಗಿದಿಲ್ಲ. ಗೇರ್‌ಬಾಕ್ಸ್ ಮಾತ್ರ ಕಾರಿನ ಜೊತೆ ಬಂದದ್ದೇ.

ಪುಣೆ ಹತ್ತಿರದ ಭೋಸರಿ ಕೈಗಾರಿಕಾ ಪ್ರದೇಶದ (ಎಂಐಡಿಸಿ) ಶೆಡ್ ಒಂದರಲ್ಲಿ ಅದನ್ನು ಬಿಚ್ಚಿಸಿದೆವು. ಮೇಸ್ತ್ರಿ ವಿಜಯಪುರದ ಕಡೆಯವರು. ಹಲ್ಲು ಮುರಿದಿತ್ತು, ಆದರೆ ಇಡೀ ಹಲ್ಲಲ್ಲ, ಒಂದು ಮೂಲೆ ಮಾತ್ರ. ಅದನ್ನು ಬೆಳಕಿಗೆ ಹಿಡಿದು ಅವರು ಹೇಳಿದರು: "ಹಲ್ಲಿಂದೇನ್ ತಪ್ಪಿಲ್ರಿ ಸರ. ಡಬ್ಬಿ ಬಾಯಿ ಬಿಟ್ಟೈತಿ." ಡಬ್ಬಿ ಅಂದರೆ ಗೇರ್‌ಬಾಕ್ಸಿನ ಹೊರಕವಚ.

ಗಟ್ಟಿ ಗೇರ್ ಹಾಕಿದರೆ ಮುಗೀತು ಅಂದುಕೊಂಡಿದ್ದ ನನಗೆ ಲೆಕ್ಕ ಹಾಕಿದ ಮೇಲೇ ಅದು ಅರ್ಥವಾದದ್ದು. ಫಸ್ಟ್ ಗೇರಿನಲ್ಲಿ ತಳ್ಳುವ ಹಲ್ಲುಚಕ್ರ ತುಂಬಾ ಚಿಕ್ಕದು. ಅದರ ತ್ರಿಜ್ಯ 20 ಮಿಲಿಮೀಟರ್ ಅಂತಿಟ್ಟುಕೊಳ್ಳಿ. 300 ನ್ಯೂಟನ್ ಮೀಟರ್ ಟಾರ್ಕ್ ಬಂದಾಗ ಹಲ್ಲಿನ ಮೇಲೆ ಬೀಳುವ ಬಲ 15,000 ನ್ಯೂಟನ್, ಅಂದರೆ ಸುಮಾರು 15 ಕ್ವಿಂಟಲ್ ಭಾರ. ಕ್ಲಚ್ ಥಟ್ಟನೆ ಬಿಟ್ಟರೆ ಒಂದು ಕ್ಷಣ ಇನ್ನೂ ಜಾಸ್ತಿ. ಹಲ್ಲಿನ ಮುಖ ಓರೆಯಾಗಿರುವುದರಿಂದ ತಿರುಗಿಸುವ ಈ ಬಲದ ಜೊತೆಗೆ ಪಕ್ಕಕ್ಕೆ ತಳ್ಳುವ ಬಲವೂ ಹುಟ್ಟುತ್ತದೆ. ಸಾಮಾನ್ಯವಾದ 20 ಡಿಗ್ರಿ ಓರೆಯಲ್ಲಿ ಸುಮಾರು ಐದೂವರೆ ಕ್ವಿಂಟಲ್‌ನಷ್ಟು ಬಲ ಗೇರುಗಳನ್ನು ಹೊತ್ತ ಎರಡು ದಂಡಗಳನ್ನೂ, ಅಂದರೆ ಶಾಫ್ಟುಗಳನ್ನೂ, ಒಂದರಿಂದ ಒಂದನ್ನು ದೂರ ತಳ್ಳುತ್ತಿರುತ್ತದೆ.

ಆ ಶಾಫ್ಟುಗಳನ್ನು ಹಿಡಿದಿರುವುದು ಅಲ್ಯೂಮಿನಿಯಂ ಡಬ್ಬಿ. ಬಾಗದೆ ನಿಲ್ಲುವುದರಲ್ಲಿ ಅಲ್ಯೂಮಿನಿಯಂ ಉಕ್ಕಿನ ಮೂರನೇ ಒಂದು ಪಾಲು. ಬಿಸಿಯಾದರೆ ಹಿಗ್ಗುವುದೂ ಉಕ್ಕಿನ ಎರಡರಷ್ಟು, ಆಗ ಬೇರಿಂಗ್ ಸಡಿಲವಾಗುತ್ತದೆ. ಶಾಫ್ಟ್ ಕೂದಲೆಳೆಯಷ್ಟು ಓರೆಯಾದರೂ ಸಾಕು, ಹಲ್ಲಿನ ಉದ್ದಕ್ಕೂ ಹಂಚಬೇಕಾದ ಭಾರ ಒಂದು ಮೂಲೆಗೆ ಬೀಳುತ್ತದೆ. ನಮ್ಮದರಲ್ಲಿ ಮುರಿದ ಮೂಲೆ ಅದೇ.

ಮೇಸ್ತ್ರಿ ಪಕ್ಕದ ಗೇರಿನ ಹಲ್ಲುಗಳಿಗೆ ನೀಲಿ ಬಣ್ಣ ಸವರಿ, ಜೋಡಿಸಿ, ಶಾಫ್ಟನ್ನು ಬ್ರೇಕ್ ಹಿಡಿದಂತೆ ಬಿಗಿಹಿಡಿದು ತಿರುಗಿಸಿದರು. ಬಣ್ಣ ಅಳಿಸಿದ್ದು ಒಂದು ತುದಿಯಲ್ಲಿ ಮಾತ್ರ, ಅಂದರೆ ಹಲ್ಲುಗಳು ತಾಗುತ್ತಿದ್ದದ್ದು ಅಲ್ಲಷ್ಟೇ. ಮದ್ದು ಹಾಗಾದರೆ ಡಬ್ಬಿಗೇ ಆಗಬೇಕಲ್ವಾ? ಎರಡು ಶಾಫ್ಟುಗಳನ್ನೂ ಒಟ್ಟಿಗೆ ಬಿಗಿಯುವ ದಪ್ಪ ಉಕ್ಕಿನ ಪ್ಲೇಟ್, ಜಾಗ ಇದ್ದರೆ ನಡುವೆ ಇನ್ನೊಂದು ಬೇರಿಂಗ್. ನೋಡಲು ಬೆರಗೇನೂ ಇಲ್ಲ, ಅದಕ್ಕೇ ಯಾರೂ ಫೋಟೋ ತೆಗೆಯುವುದಿಲ್ಲ.

ಗೇರಿನ ಸರದಿ ಆಮೇಲೆ. ಉಕ್ಕನ್ನು 900 ಡಿಗ್ರಿಗೂ ಮೇಲೆ ಕಾಯಿಸಿ ಮೈಗೆ ಇಂಗಾಲ ಉಣಿಸಿ, ಎಣ್ಣೆಯಲ್ಲಿ ತಣಿಸುತ್ತಾರೆ. ಮೇಲ್ಪದರ ಕಡಕ್ ರೊಟ್ಟಿ, ಒಳಗೆ ಬಿಸಿ ರೊಟ್ಟಿ: ಮೇಲೆ ಸವೆಯಬಾರದು, ಒಳಗೆ ಮುರಿಯಬಾರದು. ಕೊನೆಗೆ ಹಲ್ಲಿನ ಬುಡಕ್ಕೆ ಸಣ್ಣ ಉಕ್ಕಿನ ಗುಂಡುಗಳನ್ನು ರಭಸವಾಗಿ ಹೊಡೆಯುತ್ತಾರೆ. ಇದಕ್ಕೆ ಶಾಟ್ ಪೀನಿಂಗ್ ಅನ್ನುತ್ತಾರೆ. ಬುಡದ ಮೇಲ್ಮೈ ಒತ್ತಿ ಬಿಗಿಯಾಗುವುದರಿಂದ ಬಿರುಕು ಬಾಯಿ ತೆರೆಯಲು ಕಷ್ಟವಾಗುತ್ತದೆ. ಖರ್ಚಿಗೆ ಹೋಲಿಸಿದರೆ ಇದರಷ್ಟು ಲಾಭದ ಕೆಲಸ ಇಲ್ಲ ಅಂತ ನನ್ನ ಅನಿಸಿಕೆ.

ತಮ್ಮನಿಗೆ ಬೇಕಿದ್ದದ್ದು ಸ್ಟ್ರೇಟ್ ಕಟ್ ಗೇರ್, ಅಂದರೆ ಹಲ್ಲುಗಳು ಶಾಫ್ಟಿನ ಉದ್ದಕ್ಕೆ ನೇರವಾಗಿರುವ ಗೇರ್. ರಿವರ್ಸ್ ಹಾಕಿದಾಗ ಬಹಳಷ್ಟು ಕಾರುಗಳು 'ಊಂ...' ಅಂತ ಕೂಗುತ್ತವಲ್ಲ, ಅದು ಸ್ಟ್ರೇಟ್ ಕಟ್ ಗೇರಿನ ಸದ್ದು. ಎಲ್ಲಾ ಗೇರಿನಲ್ಲೂ ಆ ಸದ್ದು ಕೇಳಲು ಅವನು ತಯಾರು, ಮನೆಯವರು ತಯಾರಿಲ್ಲ. ನೇರ ಹಲ್ಲೇ ಗಟ್ಟಿ ಅನ್ನೋದು ಸುಮ್ನೆ ಮಾತು. ಅದೇ ಅಳತೆ, ಅದೇ ಉಕ್ಕು ಇದ್ದರೆ ಶಾಫ್ಟಿಗೆ ಓರೆಯಾಗಿ ಕೊಯ್ದ ಹಲ್ಲೇ ಮೇಲು, ಏಕೆಂದರೆ ಏಕಕಾಲಕ್ಕೆ ಹೆಚ್ಚು ಹಲ್ಲುಗಳು ಭಾರ ಹೊರುತ್ತವೆ. ನೇರ ಹಲ್ಲು ಶಾಫ್ಟನ್ನು ಉದ್ದಕ್ಕೆ ತಳ್ಳುವುದಿಲ್ಲ, ಅದರ ನಿಜವಾದ ಲಾಭ ಇದು. ಬೇರಿಂಗಿಗೂ ಡಬ್ಬಿಗೂ ಅಷ್ಟು ನೋವು ಕಡಿಮೆ. ನೋಡಿ, ಮತ್ತೆ ಡಬ್ಬಿಗೇ ಬಂತು ಮಾತು.

ಪ್ಲೇಟ್ ತಯಾರಾಗಲು ಇನ್ನೂ ಮೂರು ವಾರ ಬೇಕಂತೆ. ಅಲ್ಲಿಯವರೆಗೆ ಹೊಸ ಗೇರ್ ಜೋಡಿ ಹಾಕಿ, ಮೊದಲ ಎರಡು ಗೇರಿನಲ್ಲಿ ಇಂಜಿನ್ 200 ನ್ಯೂಟನ್ ಮೀಟರ್ ದಾಟದಂತೆ ಇಂಜಿನ್ ಕಂಪ್ಯೂಟರಿನ ಮ್ಯಾಪ್‌ನಲ್ಲಿ ಮಿತಿ ಹಾಕಿಸಿದ್ದೇವೆ. ಮೂರನೇ ಗೇರಿಗೆ ಬಂದ ಮೇಲೆ ತಮ್ಮನ ಮುಖ ಅರಳುತ್ತದೆ.