ದೊಡ್ಡ ಮನೆ ಹಗುರ ಅನ್ನಿಸಬೇಕಾದರೆ: ಸೆಕ್ಷನ್ (ಕಟ್ಟಡದ ಅಡ್ಡಸೀಳು ನಕ್ಷೆ) ಮತ್ತು ಬೆಂಗಳೂರಿನ ಬಿಸಿಲು

ಈ ಸಲದ ಆರ್ಕಿಟೆಕ್ಚರ್ ಸ್ಟುಡಿಯೋ ಪ್ರಾಜೆಕ್ಟು: ಐವತ್ತಕ್ಕೆ ಎಂಬತ್ತು ಅಡಿಯ ಸೈಟು, ಮೂರು ತಲೆಮಾರಿನ ಕುಟುಂಬ. ಮನೆ ದೊಡ್ಡದಾದರೂ ಭಾರ ಅನ್ನಿಸಬಾರದು, ಒಳಗಿದ್ದವರು ಒಬ್ಬರಿಗೊಬ್ಬರು ಕಾಣೆಯಾಗಬಾರದು. ಓದಿದ್ದು, ಲೆಕ್ಕ ಹಾಕಿದ್ದು ಮರೆತುಹೋಗುವ ಮುಂಚೆ ಬರೆದಿಡುತ್ತಿದ್ದೇನೆ. ಸೆಟ್‌ಬ್ಯಾಕು, ಪಾರ್ಕಿಂಗು, ಮಳೆನೀರು ಕೊಯ್ಲು ಎಲ್ಲ ನಿಮಗೆ ಗೊತ್ತೇ ಇದೆ, ಅದನ್ನು ಬಿಟ್ಟಿದ್ದೇನೆ.

ಹಗುರ ಅಂದರೆ ಗಾಜು ಅಂತಲ್ಲ

ಹಗುರ ಅಂದ ಕೂಡಲೇ ನಮ್ಮೆಲ್ಲರ ಶೀಟಿನಲ್ಲಿ ನೆಲದಿಂದ ಮೋಲ್ಡಿನವರೆಗೆ (ಕಾಂಕ್ರೀಟ್ ಚಾವಣಿ) ಗಾಜು ಬಂದುಬಿಡುತ್ತದೆ. ಆಧಾರಕ್ಕೆ ಆರ್ಕಿಟೆಕ್ಟ್ ಮೀಸ್ ವ್ಯಾನ್ ಡರ್ ರೋಹೆಯ ಫಾರ್ನ್ಸ್‌ವರ್ತ್ ಮನೆಯ ಫೋಟೋ. 1951ರಲ್ಲಿ ಮುಗಿದ ಆ ಮನೆ ಇಲಿನಾಯ್‌ನ ಹೊಳೆದಂಡೆಯಲ್ಲಿ ಒಬ್ಬ ವೈದ್ಯೆ ವಾರಾಂತ್ಯ ಕಳೆಯಲೆಂದು ಕಟ್ಟಿಸಿದ್ದು. ಒಂದೇ ಕೋಣೆ. ಅಲ್ಲಿ ಅಜ್ಜಿ ಇಲ್ಲ, ದೇವರಮನೆ ಇಲ್ಲ, ಒಗ್ಗರಣೆ ಘಾಟಿಲ್ಲ, ಆರು ಅಡಿ ಆಚೆ ಪಕ್ಕದ ಮನೆಯ ಬಚ್ಚಲ ಕಿಟಕಿಯೂ ಇಲ್ಲ.

ನಮ್ಮ ಊರಲ್ಲೇ ನೋಡಬೇಕಾದ್ದು ಬನ್ನೇರುಘಟ್ಟ ರಸ್ತೆಯ ಐಐಎಂ, ಬಿ.ವಿ. ದೋಷಿ ಅವರ ವಿನ್ಯಾಸ. ಒರಟು ಬೂದುಗಲ್ಲಿನ ಗೋಡೆ, ಕಾಂಕ್ರೀಟಿನ ತೊಲೆ, ಎಲ್ಲವೂ ತೂಕದ ಸಾಮಾನೇ. ಆದರೆ ಉದ್ದ ಓಣಿಗಳಲ್ಲಿ ನಡೆದರೆ ಎಲ್ಲೂ ಅಮುಕಿದ ಹಾಗೆ ಅನ್ನಿಸುವುದಿಲ್ಲ. ನೆತ್ತಿಯ ಮೇಲೆ ಪರ್ಗೋಲ (ತೊಲೆಗಳ ತೆರೆದ ಚಪ್ಪರ), ಪಕ್ಕದಲ್ಲಿ ಅಂಗಳ, ಕಣ್ಣು ಹಾಯಿಸಿದ ಕೊನೆಯಲ್ಲಿ ಬೆಳಕು. ಗೋಡೆ ಎಷ್ಟು ದಪ್ಪ ಅನ್ನುವುದಕ್ಕಿಂತ ನೋಟ ಎಲ್ಲಿ ಹೋಗಿ ನಿಲ್ಲುತ್ತದೆ ಅನ್ನುವುದೇ ಮುಖ್ಯ ಅಂತ ನನಗೆ ಅಲ್ಲಿ ಖಾತ್ರಿಯಾಯಿತು.

ಹಾಗಾಗಿ ನನ್ನ ಸುಲಭದ ದಾರಿ ಇದು. ಪ್ಲಾನಿನ ಮೇಲೆ ಟ್ರೇಸಿಂಗ್ ಶೀಟು ಹಾಕಿ ಮೂರು ಜಾಗದಿಂದ ಅತಿ ಉದ್ದದ ಓರೆಗೆರೆ ಎಳೆಯಿರಿ: ಮುಂಬಾಗಿಲು, ಅಡುಗೆಕಟ್ಟೆ, ಅಜ್ಜಿಯ ಮಂಚ. ಗೆರೆಯ ತುದಿಯಲ್ಲಿ ಆಕಾಶ, ಗಿಡ ಅಥವಾ ಬಿಸಿಲು ಬಿದ್ದ ಗೋಡೆ ಇರಬೇಕು. ವಾರ್ಡ್‌ರೋಬಿನ ಬೆನ್ನು ಸಿಕ್ಕಿದರೆ ಪ್ಲಾನು ತಿದ್ದಿ. ತೊಟ್ಟಿಮನೆಯಲ್ಲಿ ಇದು ತಾನಾಗಿಯೇ ಆಗುತ್ತದೆ: ಪಡಸಾಲೆಯ ಯಾವ ಕಂಬಕ್ಕೆ ಒರಗಿ ಕೂತರೂ ತೊಟ್ಟಿಯಾಚೆ ಯಾರಿದ್ದಾರೆ ಅಂತ ಗೊತ್ತಾಗುತ್ತದೆ. ಆರ್ಕಿಟೆಕ್ಟ್ ಅಡಾಲ್ಫ್ ಲೋಸ್ ಪ್ರಾಗ್‌ನ ವಿಲ್ಲಾ ಮುಲ್ಲರ್‌ನಲ್ಲಿ (1930) ಬೇರೆ ಬೇರೆ ಎತ್ತರದ ನೆಲಗಳಿಂದ ಇದನ್ನೇ ಸಾಧಿಸಿದ. ಸೊಗಸಾಗಿದೆ, ಆದರೆ ಮೊಣಕಾಲು ನೋವಿನ ಅಜ್ಜಿ ಇರುವ ಮನೆಗೆ ನಾನಂತೂ ಅದನ್ನು ಹಾಕುವುದಿಲ್ಲ.

ನಡುಮನೆ ಯಾಕೆ ಕತ್ತಲಾಗುತ್ತದೆ

ಕಿಟಕಿಯ ಬೆಳಕು ಒಳಗೆ ಉಪಯೋಗಕ್ಕೆ ಬರುವುದು ಲಿಂಟಲ್ (ಕಿಟಕಿಯ ಮೇಲಂಚಿನ ತೊಲೆ) ಎತ್ತರದ ಎರಡರಿಂದ ಎರಡೂವರೆ ಪಟ್ಟು ದೂರದವರೆಗೆ. ಲಿಂಟಲ್ 7 ಅಡಿಗಿದ್ದರೆ 14ರಿಂದ 17 ಅಡಿ, ಅಷ್ಟೇ. ಪಕ್ಕದ ಕಿಟಕಿಗಳಿಗೆ ನೆರೆಮನೆಯ ಗೋಡೆಯೇ ಎದುರು, ಅವುಗಳಿಂದ ಹೆಚ್ಚು ನಿರೀಕ್ಷೆ ಬೇಡ. 60 ಅಡಿ ಆಳದ ಕಟ್ಟಡಕ್ಕೆ ಹಿಂದೆ ಮುಂದೆ 17 ಅಡಿ ಬೆಳಕು ಬಂದರೂ ನಡುವೆ 26 ಅಡಿ ಹಗಲಲ್ಲೇ ಟ್ಯೂಬ್‌ಲೈಟು. ಲಿಂಟಲನ್ನು ಮೋಲ್ಡಿನವರೆಗೆ ಏರಿಸಿದರೆ ಸ್ವಲ್ಪ ಗೆಲ್ಲಬಹುದು (ತೊಲೆ ಅಡ್ಡ ಬಂದರೆ ಅದನ್ನು ಮೋಲ್ಡಿನ ಮೇಲಕ್ಕೆ ಎತ್ತಿ, ಇನ್ವರ್ಟೆಡ್ ಬೀಮ್ ಮಾಡಿ). ಉಳಿದದ್ದಕ್ಕೆ ಮೇಲಿನಿಂದಲೇ ಬೆಳಕು ತರಬೇಕು.

ಮೇಲಿನ ಬೆಳಕು: ಎಲ್ಲರೂ ಸಿಕ್ಕಿಬೀಳುವ ಜಾಗ

ಡಬಲ್ ಹೈಟಿನ (ಎರಡು ಅಂತಸ್ತು ಎತ್ತರದ ಹಾಲ್) ನೆತ್ತಿಗೆ ಮಟ್ಟಸವಾದ ಗಾಜಿನ ಸ್ಕೈಲೈಟು ಇಲ್ಲಿ ಬೇಡ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರ ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ ಸುಮಾರು 53.5 ಡಿಗ್ರಿ ಮೇಲಿರುತ್ತಾನೆ. ಮಾರ್ಚಿನಿಂದ ಸೆಪ್ಟೆಂಬರ್‌ವರೆಗೆ 77ಕ್ಕಿಂತ ಹೆಚ್ಚು. ಮಲಗಿಸಿದ ಗಾಜಿಗೆ ವರ್ಷವಿಡೀ ನೇರ ಏಟು. ಅದಕ್ಕೆ ಮೋಲ್ಡಿನ ಒಂದು ಭಾಗವನ್ನು ಮೇಲೆತ್ತಿ, ಆ ಸಂದಿನಲ್ಲಿ ಗಾಜನ್ನು ನಿಲ್ಲಿಸಬೇಕು. ಇಲ್ಲಿಯವರೆಗೆ ಸರಿ.

ಗಾಜು ಯಾವ ದಿಕ್ಕಿಗೆ? "ಉತ್ತರಕ್ಕೆ, ಅಲ್ಲಿ ನೇರ ಬಿಸಿಲು ಬರುವುದಿಲ್ಲ" ಅಂತ ಪುಸ್ತಕ ಹೇಳುತ್ತದೆ. ಅದು ಯುರೋಪಿನಂಥ ಅಕ್ಷಾಂಶಗಳಿಗೆ ಹೆಚ್ಚುಕಮ್ಮಿ ಒಪ್ಪುವ ಮಾತು, ಇಲ್ಲಿಗಲ್ಲ. ಇದನ್ನು ನಿಧಾನವಾಗಿ ಬಿಡಿಸೋಣ.

ಶೂನ್ಯ ನೆರಳಿನ ದಿನ ನೆನಪಿದೆಯಲ್ಲ? ಬೆಂಗಳೂರಿನಲ್ಲಿ ಅದು ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು. ಆ ಮಧ್ಯಾಹ್ನ ನೆಟ್ಟಗೆ ನಿಂತ ಕೋಲಿಗೆ ನೆರಳೇ ಬೀಳುವುದಿಲ್ಲ, ಸೂರ್ಯ ನೇರ ನೆತ್ತಿಯ ಮೇಲೆ. ಹಾಗಾದರೆ ಈ ಎರಡು ದಿನಗಳ ನಡುವೆ ಅವನು ಎಲ್ಲಿರುತ್ತಾನೆ? ನಮ್ಮ ಉತ್ತರಕ್ಕೆ. ಸುಮಾರು ನಾಲ್ಕು ತಿಂಗಳು ಮಧ್ಯಾಹ್ನದ ಬಿಸಿಲು ಬೀಳುವುದು ಉತ್ತರದ ಗೋಡೆಗೆ, ದಕ್ಷಿಣದ ಗೋಡೆ ನೆರಳಲ್ಲಿ. ಈ ಎರಡು ದಿನಾಂಕ ಬಾಯಿಪಾಠ ಆದರೆ ಸನ್‌ಪಾತ್ ಚಾರ್ಟ್ (ಸೂರ್ಯನ ದಾರಿಯ ನಕ್ಷೆ) ತಲೆಕೆಳಗೆ ಹಿಡಿದರೂ ತೊಂದರೆಯಿಲ್ಲ.

ಮುಂದಿನದು ಸಜ್ಜಾ ಎಷ್ಟು ಚಾಚಬೇಕು ಅನ್ನುವ ಲೆಕ್ಕ. ಜೂನ್ 21ರ ಮಧ್ಯಾಹ್ನ ಸೂರ್ಯ ಉತ್ತರದ ಕಡೆಯಿಂದ 79.5 ಡಿಗ್ರಿ ಎತ್ತರ. ಗಾಜಿನ ಎತ್ತರವನ್ನು ಆ ಕೋನದ (ತ್ರಿಕೋನಮಿತಿಯ) ಟ್ಯಾನ್‌ನಿಂದ ಭಾಗಿಸಿ: 1.5 ಮೀಟರ್ ಗಾಜಿಗೆ 28 ಸೆಂಟಿಮೀಟರ್ ಸಜ್ಜಾ ಸಾಕು. ಇಷ್ಟಕ್ಕೇ ಮುಗಿಯಿತು ಅಂದುಕೊಂಡರೆ ಬೆಳಗಿನ ಬಿಸಿಲು ಒಳಗೆ ಬಂದು ಕೂತಿರುತ್ತದೆ. ಏಳು ಗಂಟೆಗೆ ಸೂರ್ಯ ಬರೀ 19 ಡಿಗ್ರಿ ಎತ್ತರ, ಅದೂ ಈಶಾನ್ಯದ ಕಡೆಯಿಂದ ಓರೆಯಾಗಿ. ಆಗ ಇದೇ ಗಾಜನ್ನು ಸಜ್ಜಾದಿಂದಲೇ ಮರೆಮಾಡಬೇಕೆಂದರೆ ಒಂದೂವರೆ ಮೀಟರಿಗೂ ಹೆಚ್ಚು ಚಾಚಬೇಕು.

ಪರಿಹಾರ ಇರುವುದು ದಿಕ್ಕಿನಲ್ಲಿ. ಜೂನಿನಲ್ಲಿ ಬೆಳಿಗ್ಗೆ ಆರರಿಂದ ಹತ್ತರವರೆಗೆ ಸೂರ್ಯ ಮೇಲೇರುತ್ತಾನೆಯೇ ಹೊರತು ಪಕ್ಕಕ್ಕೆ ಹೆಚ್ಚು ಸರಿಯುವುದಿಲ್ಲ. ಶುದ್ಧ ಉತ್ತರದಿಂದ ಪೂರ್ವಕ್ಕೆ 66ರಿಂದ 70 ಡಿಗ್ರಿಯ ನಡುವೆಯೇ ಇರುತ್ತಾನೆ. ನಾಲ್ಕು ಗಂಟೆ ಹೊತ್ತು ಒಂದೇ ಓರೆ! ಅಂದರೆ ಗಾಜಿನ ಮುಂದೆ ನಿಲ್ಲಿಸಿದ ಲಂಬ ಪಟ್ಟಿಗಳು ಸಾಕು. ಪಟ್ಟಿಗಳ ನಡುವಿನ ಅಂತರವನ್ನು 0.45ರಿಂದ ಗುಣಿಸಿದರೆ ಅವುಗಳ ಆಳ. 500 ಮಿಲಿಮೀಟರ್ ಅಂತರಕ್ಕೆ 225, ನಮ್ಮ ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯ ದಪ್ಪ. ಹತ್ತರ ನಂತರ ಸೂರ್ಯ ಉತ್ತರದ ಕಡೆ ಸರಿಯುವ ಹೊತ್ತಿಗೆ ಸಾಕಷ್ಟು ಮೇಲೇರಿರುತ್ತಾನೆ, 35 ಸೆಂಟಿಮೀಟರಿನ ಸಜ್ಜಾ ಅವನನ್ನು ತಡೆಯುತ್ತದೆ. ಸಂಜೆಗೆ ಇದೇ ಲೆಕ್ಕ, ಪಶ್ಚಿಮದಿಂದ. (ಇದೆಲ್ಲ ಸೌರ ಸಮಯ, ಅಂದರೆ ಸೂರ್ಯ ಅತಿ ಎತ್ತರಕ್ಕೆ ಬಂದಾಗ ಹನ್ನೆರಡು. ನಮ್ಮ ಗಡಿಯಾರದಲ್ಲಿ ಸುಮಾರು ಇಪ್ಪತ್ತು ನಿಮಿಷ ಕೂಡಿಸಿಕೊಳ್ಳಿ.)

ನಿಜ ಹೇಳಬೇಕೆಂದರೆ ಉತ್ತರದ ಬಿಸಿಲು ಕಾಡುವುದು ಏಪ್ರಿಲ್ ಕೊನೆ ಮತ್ತು ಮೇ ತಿಂಗಳಲ್ಲಿ ಮಾತ್ರ. ಜೂನ್ ಹೊತ್ತಿಗೆ ಮುಂಗಾರಿನ ಮೋಡ ಕವಿದಿರುತ್ತದೆ.

ಹಾಗಾದರೆ ದಕ್ಷಿಣಕ್ಕೇ ಇಟ್ಟರೆ? ನನಗೆ ಇದು ಇಷ್ಟ, ಸ್ಟುಡಿಯೋದಲ್ಲಿ ಒಪ್ಪುವವರು ಕಡಿಮೆ. 60 ಸೆಂಟಿಮೀಟರ್ ಸಜ್ಜಾ ಕೊಟ್ಟರೆ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ 1.5 ಮೀಟರ್ ಗಾಜು ಪೂರ್ತಿ ನೆರಳಲ್ಲಿ. ಡಿಸೆಂಬರ್ ಮಧ್ಯಾಹ್ನ ಮಾತ್ರ ಗಾಜಿನ ಕೆಳಗಿನ ಅರ್ಧಕ್ಕೆ ಬಿಸಿಲು ತಾಗಿ ಒಳಗೆ ಇಳಿಯುತ್ತದೆ. ಬೆಂಗಳೂರಿನ ಡಿಸೆಂಬರಿನಲ್ಲಿ ಅದನ್ನು ಯಾರು ಬೇಡ ಅನ್ನುತ್ತಾರೆ?

ಬಿಸಿಗಾಳಿ ಮೇಲೇರುವುದು

ಮೇಲಿನ ಗಾಜಿನ ಸಂದಿಗೆ ಲೂವರ್ (ಓರೆ ಪಟ್ಟಿಗಳ ಕಿಂಡಿ) ಇಟ್ಟರೆ ಬಿಸಿಗಾಳಿ ಮೇಲೇರಿ ಹೊರಹೋಗಿ, ಗಾಳಿಯೂ ಆಡುತ್ತದೆ. ಅಹಮದಾಬಾದಿನಲ್ಲಿ ಆರ್ಕಿಟೆಕ್ಟ್ ಚಾರ್ಲ್ಸ್ ಕೊರಿಯಾ 1960ರ ದಶಕದ ಆರಂಭದಲ್ಲಿ ಟ್ಯೂಬ್ ಹೌಸ್‌ನ ಸೆಕ್ಷನ್ ಬರೆದದ್ದು ಈ ಸೂತ್ರದ ಮೇಲೆಯೇ. ಆದರೆ ಎತ್ತರವನ್ನು ನೆಚ್ಚಿಕೊಳ್ಳಬೇಡಿ. ಕೆಳಗಿನ ಮೇಲಿನ ಕಿಂಡಿಗಳ ನಡುವೆ 6 ಮೀಟರ್ ಅಂತರ, ಒಳಗೆ ಹೊರಗೆ 3 ಡಿಗ್ರಿ ವ್ಯತ್ಯಾಸ ಇದ್ದರೆ ಸೈದ್ಧಾಂತಿಕ ವೇಗ ಸೆಕೆಂಡಿಗೆ 1.1 ಮೀಟರ್. ಕಿಂಡಿಗಳಲ್ಲಿ ಕಳೆದುಹೋಗುವುದನ್ನು ತೆಗೆದರೆ ಅರ್ಧವೂ ಉಳಿಯುವುದಿಲ್ಲ. ಎತ್ತರ ಇಮ್ಮಡಿ ಮಾಡಿದರೆ ಗಾಳಿ ಹೆಚ್ಚುವುದು 1.4 ಪಟ್ಟು, ಎರಡೂ ಕಿಂಡಿಗಳ ವಿಸ್ತೀರ್ಣ ಇಮ್ಮಡಿ ಮಾಡಿದರೆ ಪೂರ್ತಿ ಎರಡು ಪಟ್ಟು. ಕಿಂಡಿ ಅಗ್ಗ, ಎತ್ತರ ದುಬಾರಿ.

ಅಂಚು

ಬಾಲ್ಕನಿ ಮೋಲ್ಡು ಹೊರಗಿನಿಂದ ತೆಳ್ಳಗೆ ಕಂಡರೆ ಮನೆಯೇ ತೆಳ್ಳಗೆ ಕಾಣುತ್ತದೆ. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456ರಲ್ಲಿ ಒಂದೇ ಬದಿ ಆಧಾರವಿರುವ ಕ್ಯಾಂಟಿಲಿವರ್‌ಗೆ ಉದ್ದ ಮತ್ತು ದಪ್ಪದ ಮೂಲ ಅನುಪಾತ 7, ಎರಡೂ ತುದಿಗೆ ಸಾದಾ ಆಧಾರದ್ದಕ್ಕೆ 20, ಹಲವು ಆಧಾರಗಳ ಮೇಲೆ ಮುಂದುವರಿದದ್ದಕ್ಕೆ 26; ಅನುಪಾತ ಸಣ್ಣದಾದಷ್ಟೂ ದಪ್ಪ ಹೆಚ್ಚು ಬೇಕು. ಕ್ಯಾಂಟಿಲಿವರ್‌ಗೆ ದಪ್ಪ ಬೇಕಾಗುವುದು ಬುಡದಲ್ಲಿ, ತುದಿಗೆ ಇಳಿಜಾರಾಗಿ ತೆಳುಮಾಡಬಹುದು. ಸ್ಟ್ರಕ್ಚರ್ ಮೇಷ್ಟ್ರ ಹತ್ತಿರ ಮೊದಲೇ ತೋರಿಸಿ.

ಶಬ್ದ

ಡಬಲ್ ಹೈಟ್ ಎಲ್ಲರನ್ನೂ ಬೆಸೆಯುತ್ತದೆ ಅಂತ ಜ್ಯೂರಿಯಲ್ಲಿ (ಪ್ರಾಜೆಕ್ಟಿನ ಮೌಲ್ಯಮಾಪನ) ಹೇಳುವ ಮುಂಚೆ ಇದೊಂದು ಲೆಕ್ಕ ಮಾಡಿ. 6 ಮೀಟರ್ ಅಗಲ, 8 ಮೀಟರ್ ಉದ್ದ, 6.5 ಮೀಟರ್ ಎತ್ತರದ ಹಾಲ್‌ನ ಘನಗಾತ್ರ 312 ಘನ ಮೀಟರ್. ಗ್ರಾನೈಟು, ಪ್ಲಾಸ್ಟರು, ಗಾಜು ಎಲ್ಲ ಸೇರಿ 278 ಚದರ ಮೀಟರ್ ಮೇಲ್ಮೈ, ಶಬ್ದ ಹೀರುವಿಕೆ 0.03 ಅಂತ ಹಿಡಿಯಿರಿ. ಸ್ಯಾಬೈನ್ ಸೂತ್ರದಲ್ಲಿ ಖಾಲಿ ಹಾಲ್‌ನ ಅನುರಣನೆ (ಸದ್ದು ನಿಂತ ಮೇಲೂ ಮಾರ್ದನಿ ಉಳಿಯುವ ಹೊತ್ತು) ಆರು ಸೆಕೆಂಡು. ಅಡುಗೆಮನೆಯ ಮಿಕ್ಸಿ ಮೇಲಿನ ಕೋಣೆಯಲ್ಲಿ ಓದುತ್ತಿರುವ ಹುಡುಗಿಯ ಕಿವಿಯಲ್ಲೇ ತಿರುಗುತ್ತದೆ. ನೆತ್ತಿಯ 48 ಚದರ ಮೀಟರಿಗೆ 0.8 ಹೀರುವ ಹಲಗೆ ಹೊಡೆಸಿದರೆ ಸುಮಾರು 1.1 ಸೆಕೆಂಡಿಗೆ ಇಳಿಯುತ್ತದೆ. ಕಾಂಕ್ರೀಟನ್ನು ಬೆತ್ತಲೆ ಬಿಡಲೇಬೇಕು ಅನ್ನುವವರು ಮೇಲಿನ ಓಣಿಯ ಗೋಡೆ ತುಂಬ ಪುಸ್ತಕದ ಕಪಾಟು, ದಪ್ಪ ಪರದೆ ಬರೆದುಕೊಳ್ಳಿ, ಅಡುಗೆಮನೆಗೆ ಎಳೆದು ಮುಚ್ಚುವ ಬಾಗಿಲು ಇಡಿ.