‘ಐ’ ಎಲ್ಲಿ, ‘ಮಿ’ ಎಲ್ಲಿ?

ಓದುಗರ ಪ್ರಶ್ನೆ: ಕನ್ನಡದಲ್ಲಿ ನಾನು, ನನ್ನ, ನನಗೆ ಎಲ್ಲವೂ ಒಂದೇ ಮನೆಯವರ ಹಾಗೆ ಕಾಣುತ್ತವೆ. ಇಂಗ್ಲಿಷಿನಲ್ಲಿ ‘ಐ’ಗೂ ‘ಮಿ’ಗೂ ಹೋಲಿಕೆಯೇ ಇಲ್ಲ. ಒಂದು ಇನ್ನೊಂದರಿಂದ ಹೇಗೆ ಬಂತು?

ಬರಲೇ ಇಲ್ಲ. ಅವು ಮೊದಲಿನಿಂದಲೂ ಎರಡು ಬೇರೆ ಬೇರೆ ಪದಗಳು. ಶಾಲೆಯಲ್ಲಿ ಸಂಸ್ಕೃತ ಓದಿದವರಿಗೆ ಈ ರಾಗ ನೆನಪಿರಬಹುದು: ‘ಅಹಂ ಆವಾಂ ವಯಂ, ಮಾಂ ಆವಾಂ ಅಸ್ಮಾನ್’. ಅಲ್ಲೂ ‘ನಾನು’ ಅನ್ನುವುದಕ್ಕೆ ಒಂದು ಪದ, ‘ನನ್ನನ್ನು’ ಅನ್ನುವುದಕ್ಕೆ ಬೇರೆಯೇ ಪದ. ಲ್ಯಾಟಿನ್ನಿನಲ್ಲಿ ‘ಎಗೊ’ ಮತ್ತು ‘ಮೇ’. ಸಂಸ್ಕೃತ, ಲ್ಯಾಟಿನ್, ಇಂಗ್ಲಿಷ್ ಮೂರೂ ಒಂದೇ ಹಳೆಯ ಭಾಷೆಯಿಂದ ಕವಲೊಡೆದವು. ಈ ಜೋಡಿ ಆ ಮೂಲಭಾಷೆಯಲ್ಲೇ ಇತ್ತು. ಮಕ್ಕಳು ಆಸ್ತಿ ಹಂಚಿಕೊಂಡಾಗ ಅದೂ ಪಾಲಿಗೆ ಬಂತು, ಅಷ್ಟೇ.

ಇಂಗ್ಲಿಷ್, ಜರ್ಮನ್, ಡ್ಯಾನಿಶ್ ಭಾಷೆಗಳಿಗೆಲ್ಲ ತಾಯಿಯಾದ ಹಳೆಯ ಜರ್ಮ್ಯಾನಿಕ್‌ನಲ್ಲಿ ಒಂದು ಬದಲಾವಣೆ ಆಯಿತು. ಮೂಲದ ‘ಗ’ ಹೋಗಿ ‘ಕ’ ಆಯಿತು. ಯಾಕೋಬ್ ಗ್ರಿಮ್ 1822ರಲ್ಲಿ ವಿವರಿಸಿದ ನಿಯಮ ಇದು. ಹೌದು, ಕಥೆಗಳ ಗ್ರಿಮ್ ಸಹೋದರರಲ್ಲಿ ಒಬ್ಬ. ಹಾಗಾಗಿ ಲ್ಯಾಟಿನ್ನಿನ ‘ಎಗೊ’ಗೆ ಎದುರಾಗಿ ಇಲ್ಲಿ ‘ಎಕ್’, ‘ಇಕ್’. ಅದೇ ನಿಯಮದಲ್ಲಿ ‘ತ’ ಹೋಗಿ ‘ಥಿನ್’ ಪದದಲ್ಲಿರುವ ‘ಥ’ ಬಂತು. ಲ್ಯಾಟಿನ್ನಿನ ‘ತೂ’, ಅಂದರೆ ‘ನೀನು’, ಹಳೆಯ ಇಂಗ್ಲಿಷಿನಲ್ಲಿ ‘ಥೂ’! ನಮ್ಮ ಕಿವಿಗೆ ಉಗಿದ ಹಾಗೆ ಕೇಳಿದರೆ ಅದು ಅವರ ತಪ್ಪಲ್ಲ.

ಆ ‘ಎಕ್’ ಅನ್ನು ಕಣ್ಣಾರೆ ನೋಡಬೇಕಾ? ಡೆನ್ಮಾರ್ಕಿನ ಗಲೆಹುಸ್ ಎಂಬಲ್ಲಿ 1734ರಲ್ಲಿ ಒಂದು ಚಿನ್ನದ ಕೊಂಬು ಸಿಕ್ಕಿತು. ಸುಮಾರು ಕ್ರಿ.ಶ. 400ರದ್ದು. ಅದರ ಬಾಯಿಯ ಸುತ್ತ ಜರ್ಮ್ಯಾನಿಕ್ ಜನರ ಹಳೆಯ ಲಿಪಿಯಾದ ರೂನ್‌ನಲ್ಲಿ ಹೀಗೆ ಕೊರೆದಿತ್ತು: ‘ಎಕ್ ಹ್ಲೆವಗಸ್ತಿಜ್ ಹೋಲ್ತಿಯಜ್ ಹೋರ್ನ ತವಿದೊ’. ಮೊದಲ ಪದವೇ ‘ನಾನು’. ಆಮೇಲೆ ಮಾಡಿದವನ ಹೆಸರು. ಆಮೇಲೆ ‘ಹೋರ್ನ’, ಅಂದರೆ ಕೊಂಬು. ಕೊನೆಗೆ ‘ತವಿದೊ’, ಅಂದರೆ ಮಾಡಿದೆ. ನಾನು ಇಂಥವನು ಕೊಂಬು ಮಾಡಿದೆ. ಪದಗಳ ಸಾಲು ಥೇಟ್ ಕನ್ನಡದ್ದೇ, ಅಲ್ವಾ? ಒಂದೂ ಪದ ಹಿಂದೆ ಮುಂದೆ ಮಾಡಬೇಕಾಗಿಲ್ಲ. 1802ರಲ್ಲಿ ನೀಲ್ಸ್ ಹೈಡನ್‌ರೈಕ್ ಎಂಬ ಅಕ್ಕಸಾಲಿಗ ಕೋಪನ್‌ಹೇಗನ್‌ನಿಂದ ಆ ಕೊಂಬನ್ನು ಕದ್ದು ಕರಗಿಸಿಬಿಟ್ಟ. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಬರಹವನ್ನು ಚಿತ್ರ ಬರೆದಿಟ್ಟುಕೊಂಡಿದ್ದರು. ಇಲ್ಲದಿದ್ದರೆ ಆ ‘ಎಕ್’ ಕೂಡ ಯಾರದೋ ಬಳೆಯಾಗಿ ಹೋಗುತ್ತಿತ್ತು.

ಇನ್ನು ‘ಮಿ’. ಗಾಥಿಕ್ ಎಂಬುದು ಇಂಗ್ಲಿಷಿನ ನೆಂಟ ಭಾಷೆ, ಈಗ ಸತ್ತುಹೋಗಿದೆ. ಅದರ ನಾಲ್ಕನೇ ಶತಮಾನದ ಬೈಬಲ್‌ನಲ್ಲಿ ‘ಮಿ’ ಅನ್ನುವುದು ‘ಮಿಕ್’. ಜರ್ಮನ್‌ನಲ್ಲಿ ಈಗಲೂ ‘ಮಿಶ್’. ಬಾಲದ ಆ ‘ಕ್’ ಎಲ್ಲಿಂದ ಬಂತು? ಒತ್ತಿ ಹೇಳಲು ಸೇರಿಸುತ್ತಿದ್ದ ‘ಗೆ’ ಎಂಬ ಸಣ್ಣ ತುಣುಕು ಅದು ಎಂಬುದು ಹೆಚ್ಚಿನ ಭಾಷಾವಿಜ್ಞಾನಿಗಳ ಅಭಿಪ್ರಾಯ. ನಾವು ‘ನನ್ನನ್ನೇ’ ಅಂತ ‘ಏ’ ಸೇರಿಸುತ್ತೇವಲ್ಲ, ಹಾಗೆ. ಒತ್ತು ಸವೆದು ಹೋಯಿತು, ಬಾಲ ಉಳಿಯಿತು. ಇಂಗ್ಲಿಷ್ ಮುಂದೆ ಆ ಬಾಲವನ್ನೂ ಉದುರಿಸಿತು.

‘ಐ’ ಕಥೆಯೂ ಸವೆತದ್ದೇ. ಹಳೆಯ ಇಂಗ್ಲಿಷಿನ ‘ಇಚ್’ ಕೊನೆಯ ‘ಚ್’ ಕಳೆದುಕೊಂಡು ‘ಈ’ ಆಗಿ, ಆಮೇಲೆ ಇಂಗ್ಲಿಷಿನ ದೀರ್ಘ ಸ್ವರಗಳ ಉಚ್ಚಾರ ಬದಲಾದಾಗ ‘ಐ’ ಆಯಿತು. ದೊಡ್ಡಕ್ಷರದಲ್ಲಿ ಬರೆಯುವುದು ಅಹಂಕಾರಕ್ಕಲ್ಲ. ಕೈಬರಹದಲ್ಲಿ ಒಂಟಿ ಗೀಟು ಕಣ್ಣಿಗೆ ಬೀಳುತ್ತಿರಲಿಲ್ಲ.

ಆ ಸಂಸ್ಕೃತ ರಾಗದ ‘ವಯಂ’ ಇಂಗ್ಲಿಷಿನ ‘ವಿ’ಯ ನೆಂಟ, ‘ನೀವು’ ಎಂಬ ಅರ್ಥದ ಸಂಸ್ಕೃತದ ‘ಯೂಯಂ’ ‘ಯು’ದ ನೆಂಟ. ‘ಆವಾಂ’ನಂತೆ ‘ನಾವಿಬ್ಬರು’ ಅನ್ನಲು ಹಳೆಯ ಇಂಗ್ಲಿಷಿನಲ್ಲೂ ‘ವಿಟ್’ ಎಂಬ ಪದ ಇತ್ತು. ಈಗಿಲ್ಲ.

ಎಲ್ಲವೂ ಪಿತ್ರಾರ್ಜಿತ ಅಂದುಕೊಳ್ಳಬೇಡಿ. ‘ದೇ’, ‘ದೆಮ್’ ಸ್ಕ್ಯಾಂಡಿನೇವಿಯಾದಿಂದ ಇಂಗ್ಲೆಂಡಿಗೆ ಬಂದು ನೆಲೆಸಿದ ವೈಕಿಂಗರ ನಾರ್ಸ್ ಭಾಷೆಯ ಸಾಲ. ಅದಕ್ಕೂ ಮುಂಚಿನ ‘ಅವರು’, ಅಂದರೆ ‘ಹೀಎ’, ‘ಅವನು’ ಎಂಬ ‘ಹೇ’ ಜೊತೆ ಕಲಸಿಹೋಗುತ್ತಿತ್ತು. ‘ಅವರನ್ನು’ ಎಂಬ ಹಳೆಯ ‘ಹೆಮ್’ ಮಾತ್ರ ಪೂರ್ತಿ ಸತ್ತಿಲ್ಲ. ಸಿನಿಮಾದಲ್ಲಿ ಪೊಲೀಸ್ ‘ಗೆಟ್ ಎಮ್’ ಅಂತ ಕೂಗುತ್ತಾನಲ್ಲ, ಆ ‘ಎಮ್’ ‘ದೆಮ್’ನ ತುಂಡಲ್ಲ, ‘ಹ’ ಕಳೆದುಕೊಂಡ ‘ಹೆಮ್’.