ಕ್ಯಾಲಿಪ್ಸೊ ಬಲ್ಬೋಸಾ: ಹಿಮದಡಿಯಲ್ಲೂ ಹಸಿರಾಗಿರುವ ಒಂಟಿ ಎಲೆಯ ಆರ್ಕಿಡ್

ಈ ಗಿಡವನ್ನು ಓದುವಾಗ ಹೂವಿನ ಬದಲು ಎಲೆಯಿಂದ ಶುರು ಮಾಡಿ. ಇರುವುದೇ ಒಂದು ಎಲೆ. ಅದು ಬೇಸಿಗೆಯ ಕೊನೆಗೋ ಶರತ್ಕಾಲದಲ್ಲೋ ಮೂಡಿ, ಚಳಿಗಾಲವಿಡೀ ಹಿಮದಡಿ ಹಸಿರಾಗಿಯೇ ಇರುತ್ತದೆ. ಹಿಮ ಕರಗಿದ ಕೂಡಲೇ ದ್ಯುತಿಸಂಶ್ಲೇಷಣೆಗೆ ಸಿದ್ಧ. ವಸಂತದಲ್ಲಿ ಹೂವಾಗುತ್ತದೆ, ಸುತ್ತಲಿನ ಗಿಡಗಳೆಲ್ಲ ಸೊಂಪಾಗಿರುವ ನಡು ಬೇಸಿಗೆಯಲ್ಲಿ ಇದರ ಎಲೆ ಬಾಡಿ, ಮಣ್ಣಿನೊಳಗಿನ ಪುಟ್ಟ ಗಡ್ಡೆ ಮಾತ್ರ ಉಳಿಯುತ್ತದೆ. ಆ ತಿಂಗಳುಗಳಲ್ಲಿ ಹುಡುಕಿದರೆ ಗಿಡವೇ ಇಲ್ಲವೆನಿಸುತ್ತದೆ.

ನೆಲೆ: ಉತ್ತರ ಗೋಳಾರ್ಧದ ತಂಪು ಕಾಡುಗಳು. ಸ್ವೀಡನ್, ಫಿನ್ಲೆಂಡ್, ರಷ್ಯಾ, ಜಪಾನ್, ಕೆನಡಾ, ಅಮೆರಿಕ. ಸ್ಪ್ರೂಸ್, ಫರ್‌ನಂಥ ಸೂಜಿ ಎಲೆಯ ಮರಗಳ ನೆರಳಲ್ಲಿ, ಹಾವಸೆ ಮತ್ತು ಅರೆಕೊಳೆತ ತರಗೆಲೆಯ ಪದರದಲ್ಲಿ ಬೇರು ಬಿಡುತ್ತದೆ. ಮರ ಕಡಿದರೆ ಬಿಸಿಲು ನೇರ ಬಿದ್ದು ಆ ಪದರ ಒಣಗುತ್ತದೆ, ಗಿಡವೂ ಹೋಗುತ್ತದೆ.

ಗೇಣುದ್ದದ ದಂಟಿನ ತುದಿಗೆ ಒಂದೇ ಗುಲಾಬಿ ಹೂ. ಕೆಳದಳ ಪಾದರಕ್ಷೆಯಂತೆ ಉಬ್ಬಿರುವುದರಿಂದ 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಇದನ್ನು ಪಾದರಕ್ಷೆಯಾಕಾರದ ಹೂವಿನ ಆರ್ಕಿಡ್‌ಗಳ ಸಿಪ್ರಿಪೀಡಿಯಂ ಕುಲಕ್ಕೆ ಸೇರಿಸಿದ್ದ. ಇಲ್ಲಿ ನಾವೂ ಎಡವುವುದು ಸುಲಭ, ಹಾಗಾಗಿ ಇದನ್ನು ಗುರುತು ಹಾಕಿಕೊಳ್ಳಿ: ಸಿಪ್ರಿಪೀಡಿಯಂ ಹೂವಿನಲ್ಲಿ ಫಲವತ್ತಾದ ಪರಾಗಕೋಶ ಎರಡು, ಕ್ಯಾಲಿಪ್ಸೊದಲ್ಲಿ ಒಂದೇ. ಆಕಾರದ ಹೋಲಿಕೆ ನೆಂಟಸ್ತನದ ಸಾಕ್ಷಿಯಲ್ಲ. ಕ್ಯಾಲಿಪ್ಸೊ ಕುಲದಲ್ಲಿ ಈಗ ಇರುವುದು ಈ ಒಂದೇ ಪ್ರಭೇದ.

ನನಗೆ ಬಹಳ ಇಷ್ಟವಾದ ಭಾಗ ಪರಾಗಸ್ಪರ್ಶ. ಹೂವಿಗೆ ಬಣ್ಣವಿದೆ, ಪರಿಮಳವಿದೆ, ಕೇಸರಗಳಂತೆ ಕಾಣುವ ರೋಮದ ಗೊಂಚಲಿದೆ. ಮಕರಂದ ಮಾತ್ರ ಇಲ್ಲ. ಆಗಷ್ಟೇ ಚಳಿಗಾಲದ ನಿದ್ದೆಯಿಂದ ಎದ್ದ, ಲೋಕ ಕಾಣದ ಬಂಬಲ್‌ಬೀ ದುಂಬಿಗಳು ಊಟದಾಸೆಗೆ ಒಳನುಗ್ಗಿ, ಹೊರಬರುವಾಗ ಬೆನ್ನಿಗೆ ಪರಾಗದ ಮುದ್ದೆ ಅಂಟಿಸಿಕೊಳ್ಳುತ್ತವೆ. ಒಂದೆರಡು ಸಲ ಬರಿಗೈಯಲ್ಲಿ ಮರಳಿದ ಮೇಲೆ ಈ ಹೂವಿನ ಗೊಡವೆಗೇ ಬರುವುದಿಲ್ಲ. ಹಾಗಾಗಿ ದುಂಬಿ ಪಾಠ ಕಲಿಯುವ ಮೊದಲೇ ಹೂ ಅರಳಿರಬೇಕು. ಹಿಮದಡಿ ಎಲೆ ಉಳಿಸಿಕೊಂಡ ಲಾಭ ಇಲ್ಲಿ ಕಾಣುತ್ತದೆ: ವಸಂತದ ಮೊದಲಲ್ಲೇ ಅರಳಲು ಬೇಕಾದ ಶಕ್ತಿಯನ್ನು ಗಿಡ ಆಗಲೇ ಕೂಡಿಟ್ಟಿರುತ್ತದೆ.

ಇಷ್ಟಾದರೂ ಕಾಯಿಗಟ್ಟುವ ಹೂಗಳು ಕಡಿಮೆ. ಕಟ್ಟಿದ ಕಾಯಿಯಲ್ಲಿ ಧೂಳಿನಂಥ ಸಾವಿರಾರು ಬೀಜಗಳಿರುತ್ತವೆ. ಅವುಗಳಲ್ಲಿ ಆಹಾರದ ದಾಸ್ತಾನಿಲ್ಲ. ಸರಿಯಾದ ಶಿಲೀಂಧ್ರ ಸಿಕ್ಕಿ ಉಣಿಸಿದರಷ್ಟೇ ಮೊಳಕೆ ಬೆಳೆದೀತು. ಬೆಳೆದ ಗಿಡಕ್ಕೂ ಆ ನಂಟು ಬೇಕು. ಕಿತ್ತು ತೋಟದಲ್ಲಿ ನೆಟ್ಟ ಗಿಡ ಸಾಮಾನ್ಯವಾಗಿ ಬದುಕದಿರಲು ಇದೇ ಮುಖ್ಯ ಕಾರಣ. ಹೂ ಕೀಳುವುದೂ ಅಪಾಯವೇ: ದಂಟನ್ನು ಹಗುರವಾಗಿ ಜಗ್ಗಿದರೂ ಮೇಲ್ಪದರದಲ್ಲಿರುವ ಎಳೆಬೇರುಗಳು ತುಂಡಾಗಿ ಗಿಡವೇ ಸಾಯಬಹುದು.